ಹೋಗ್ತೇನಿ ಅನ್ನೂದನ್ನ ಕಲಿಸಿದ ಮಳಿಗಾಲ

ಹೋದ ತಿಂಗಳ ಒಂದು ಮದುವಿಗಂತ ಮುದ್ದೇಬಿಹಾಳಕ್ಕ ಹೋಗಿದ್ದೆ. ಊಟ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡಕೊಂತ ಬರುವಾಗ ಸಣ್ಣಗ ಮಳಿ ಹನಿಯಾಕತ್ತಿತ್ತು. ಎಪಿಎಂಸಿ ಗೇಟಿನ ಮುಂದ ಬಂದಾಗ ತೊಯ್ದ ಗೋಣಿಚೀಲದ ವಾಸನಿ, ಅದರ ಜೋಡಿ ತೊಗರಿ ಧೂಳಿನ ವಾಸನಿ, ಎರಡೂ ಕೂಡಿ ಮೂಗಿಗೆ ಬಡೀತು. ಬ್ಯಾರೆಯವರಿಗೆ ಅದು ರಾಶಿ ಮಾಡಿದ ವಾಸನಿ, ಹಿತ ಅನಸ್ತೈತಿ. ನನಗ ಮಾತ್ರ ಮುಂದ ಹೆಜ್ಜಿ ಇಡಾಕ ಆಗಲಿಲ್ಲ. ನಿಂತಲ್ಲೇ ನಿಂತೆ.

ಜೋಡಿ ಬಂದಿದ್ದ ನಮ್ಮನಿಯವ್ರು ತಿರುಗಿ ನೋಡಿದ್ರು. "ಯಾಕ, ಹೋಳಿಗಿ ಜಾಸ್ತಿ ಆತೇನು?"

"ಹೋಳಿಗಿ ಅಲ್ರಿ, ಪರೀಕ್ಷಾ," ಅಂದೆ.

ಅವರು ತಲಿ ಎತ್ತಿ ಗೇಟಿನ ಬಾಜೂಕಿನ ಗೋದಾಮಿನ ಮ್ಯಾಲಿನ ಹಾಲ್ ನೋಡಿದ್ರು. ಈಗ ಅಲ್ಲೆ ಯಾವುದೋ ಟೇಲರಿಂಗ್ ಕ್ಲಾಸಿನ ಬೋರ್ಡ್ ಐತಿ. "ಇನ್ನೂ ಮುಗಿದಿಲ್ಲೇನು ನಿಂದು?" ಅಂತ ನಕ್ಕು ಮುಂದ ಹೋದ್ರು. ಖರೇ ಹೇಳಬೇಕಂದ್ರ ಮುಗಿದಿಲ್ಲ. ಅದಕ್ಕ ಇದನ್ನ ಬರಿಯಾಕ ಕುಂತೇನಿ.

ಆವಾಗ ನಾ ಸಿಂದಗಿಯ ಒಂದು ಕನ್ನಡ ಸಾಲ್ಯಾಗ ಇಂಗ್ಲಿಷ್ ಟೀಚರ್ ಆಗಿದ್ದೆ. ಇಂಗ್ಲಿಷ್ ಟೀಚರ್ ಅಂದ್ರ ಏನು ಮಾಡ್ತಾರ ಅನ್ನೂದು ನಮ್ಮ ಕಡ್ಯಾವರಿಗೆ ಹೇಳೂದು ಬ್ಯಾಡ. ಪಾಠದ ಒಂದು ಸಾಲು ಓದೂದು, ಅದರ ಅರ್ಥ ಕನ್ನಡದಾಗ ಹೇಳೂದು, ಉತ್ತರ ಬೋರ್ಡಿನ ಮ್ಯಾಲ ಬರಿಯೂದು, ಹುಡುಗರು ಅದನ್ನ ಬಾಯಿಪಾಠ ಮಾಡೂದು. ನಾ ಎಂ.ಎ. ಮಾಡಿದ್ದೂ ಹಂಗ, ಗೈಡ್ ಓದಿ ಪಾಸಾದಾಕಿ. ಒಬ್ಬ ಮನಷ್ಯಾನ ಮುಂದ ನಿಂತು ಇಂಗ್ಲಿಷಿನ್ಯಾಗ ನಾಕು ಮಾತು ಆಡಿದ್ದು ಅಂತ ಇರಲೇ ಇಲ್ಲ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ, ಚಂದಾಗಿ ನಡದಿತ್ತು.

ಅದು ಬಯಲಿಗೆ ಬಿದ್ದದ್ದು ಬ್ಯಾಂಕಿನ್ಯಾಗ. ಅಲ್ಲಿಗೆ ಬಂದ ಹೊಸಾ ಮ್ಯಾನೇಜರ್ ಕೇರಳದವ, ಕನ್ನಡ ಬರ್ತಿರಲಿಲ್ಲ. ನಮ್ಮ ಓಣಿ ಮುದುಕಿ ಒಬ್ಬಾಕಿ ಪಾಸ್‌ಬುಕ್ಕಿನ್ಯಾಗ ತನ್ನ ಹೆಸರು ತಪ್ಪು ಬಿದ್ದೈತಿ ಅಂತ ಹೋಗಿ ನಿಂತಿದ್ಲು. ನನ್ನ ನೋಡಿದ್ದಾ ಜೀವ ಬಂದಂಗಾತು ಅಕಿಗೆ. "ನಮ್ಮ ಟೀಚರ್ ಬಂದಾಳ, ಇಂಗ್ಲಿಷ್ ಟೀಚರ್, ಅಕಿ ಹೇಳ್ತಾಳ ತಡೀರಿ," ಅಂತ ನನ್ನ ಕೈ ಹಿಡದು ಎಳಕೊಂಡು ಹೋಗಿ ಮ್ಯಾನೇಜರ್ ಮುಂದ ನಿಲ್ಲಿಸಿದ್ಲು. ನಾ ಬಾಯಿ ತಗದೆ. ಬಾಯಿ ತುಂಬ ಚುರಮುರಿ ಹಾಕ್ಕೊಂಡಂಗಾತು. "ಶಿ... ನೇಮ್... ರಾಂಗ್," ಅಂದೆ, ಅಷ್ಟ. ಕಡೀಕ ಕ್ಯಾಶಿಯರ್ ಎದ್ದು ಬಂದು ಹೇಳಿದ. ಮನಿಗೆ ಬರೂತನಕ ಮುದುಕಿ ಏನೂ ಅನಲಿಲ್ಲ. ಏನರೆ ಅಂದಿದ್ರ ಚಲೋ ಇತ್ತು, ಅಕಿ ಸುಮ್ಮನಿದ್ದದ್ದು ಭಾಳ ಚುಚ್ಚಿತು.

ಆ ಸಿಟ್ಟಿನ್ಯಾಗ ಇದ್ದಾಗ ತರಬೇತಿ ಸುದ್ದಿ ಬಂತು. ದೊಡ್ಡವರಿಗೆ, ಅಂದ್ರ ಸಾಲಿ ಬಿಟ್ಟು ಕೆಲಸಕ್ಕ ಹತ್ತಿದ ಮಂದಿಗೆ, ಒಂದು ಸಂಸ್ಥಾದವರು ಸಂಜಿ ಹೊತ್ತು ಇಂಗ್ಲಿಷ್ ಮಾತಾಡಾಕ ಕಲಸೂ ಕ್ಲಾಸ್ ಸುರು ಮಾಡ್ತಾರಂತ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಕೂ ಕಡೆ. ಅದಕ್ಕ ಬೇಕಾದ ಟೀಚರ್‌ಗಳನ್ನ ಮೊದಲ ಮುದ್ದೇಬಿಹಾಳದಾಗ ತಯಾರು ಮಾಡ್ತಾರ, ಶ್ರಾವಣದಿಂದ ದಸರಾ ತನಕ. ಕಡೀಕ ಪರೀಕ್ಷಕರ ಮುಂದ ಒಂದು ಪಾಠ ಮಾಡಬೇಕು. ಪಾಸಾದವರಿಗೆ ತಮ್ಮ ತಮ್ಮ ಊರಿನ ಕ್ಲಾಸಿನ ನೌಕರಿ, ಆಗದಿದ್ದವರು ಮನಿಗೆ ಹೋಗೂದು. ಎರಡನೇ ಸರ್ತಿ ಅನ್ನೂದು ಇಲ್ಲ.

ಸಾಲಿ ಹೆಡ್‌ಮಾಸ್ತರ್ ರಜಾ ಕೊಡಲಿಲ್ಲ. ರಾಜೀನಾಮೆ ಬರದು ಟೇಬಲ್ ಮ್ಯಾಲ ಇಟ್ಟು ಬಂದೆ. ನಾ ಮನಿ ಮುಟ್ಟೂದರಾಗ ನನ್ನ ಜಾಗಾಕ್ಕ ಅವರ ಸಂಬಂಧಿಕರ ಹುಡುಗಿ ಬಂದು ಕುಂತಾಳ ಅಂತ ಸುದ್ದಿ ಬಂತು. ರಾತ್ರಿ ಊಟಕ್ಕ ಕುಂತಾಗ ಅತ್ತಿ ರೊಟ್ಟಿ ಹಾಕಿಕೊಂತ ಕೇಳಿದ್ರು, "ಪಾಸಾಗದಿದ್ರ ಏನ ಮಾಡ್ತಿ ಶಾಂತವ್ವ?" ನಮ್ಮನಿಯವ್ರು ಪಲ್ಯ ಕೇಳಿದ್ರು. ಆ ಪ್ರಶ್ನಿ ಮುಂದ ಇಡೀ ಮಳಿಗಾಲ ನನ್ನ ಹಿಂದ ಬಂತು. ಬಸ್ಸಿನ್ಯಾಗ ನನ್ನ ಬಾಜೂಕ ಕುಂಡ್ರತಿತ್ತು.

ಸೋಮವಾರ ಮುಂಜಾನಿ ಹೂವಿನ ಹಿಪ್ಪರಗಿ ಮ್ಯಾಲ ಹೋಗೂ ಬಸ್ ಹಿಡೀತಿದ್ದೆ, ಶನಿವಾರ ಸಂಜೀಕ ಮನಿಗೆ ಬರ್ತಿದ್ದೆ. ಆ ವರ್ಷ ಮಳಿ ಬಿಟ್ಟೂ ಬಿಡದ ಹತ್ತಿತ್ತು. ಎರಿ ಮಣ್ಣು ಚಪ್ಪಲಿಗೆ ಮೆತಗೊಂಡು ಹೆಜ್ಜಿ ಎತ್ತಾಕ ಬರ್ತಿರಲಿಲ್ಲ. ಹೊಲದಾಗ ತೊಗರಿ ಮೊಣಕಾಲುದ್ದ, ಆಮ್ಯಾಲ ಸೊಂಟದುದ್ದ, ಆಮ್ಯಾಲ ಹಳದಿ ಹೂವು. ಬಸ್ಸಿನ ಕಿಡಕ್ಯಾಗಿಂದ ಅದನ್ನ ನೋಡಿ ದಿವಸ ಎಷ್ಟು ಉಳದಾವು ಅಂತ ತಿಳಕೋತಿದ್ದೆ. ಬೆಳಿ ಎತ್ತರ ಆದಂಗ ಎಲ್ಲಾರೂ ಖುಷಿ ಪಡ್ತಿದ್ರು, ನನಗ ಮಾತ್ರ ಚಿಂತಿ.

ತರಬೇತಿ ಎಪಿಎಂಸಿ ಬಾಜೂಕಿನ ಗೋದಾಮಿನ ಮ್ಯಾಲಿನ ಹಾಲಿನ್ಯಾಗ. ಕೆಳಗ ಹಿಂದಿನ ವರ್ಷದ ತೊಗರಿ ಚೀಲ, ಮ್ಯಾಲ ನಾವು. ನಮಗ ಕಲಸಾಕ ಬಂದಾಕಿ ವಿಮಲಾ ಮೇಡಂ, ಮೈಸೂರು ಕಡ್ಯಾಕಿ. ಮಾತು ಮೆತ್ತಗ, ಕೆಲಸ ಬಿಗಿ. ಅವರ ಪದ್ಧತಿ ಒಂದ ಮಾತಿನ್ಯಾಗ ಹೇಳಬಹುದು: ಟೀಚರ್ ಬಾಯಿ ಮುಚ್ಚಬೇಕು, ಕಲಿಯಾಕ ಬಂದವರು ಬಾಯಿ ತೆಗೀಬೇಕು. ಕನ್ನಡ ಬಳಸೂ ಹಂಗಿಲ್ಲ. ಅರ್ಥ ಹೇಳೂ ಹಂಗಿಲ್ಲ. ಚಿತ್ರ ತೋರಸು, ಆಡಿ ತೋರಸು, ಅವರ ಕಡಿಂದ ಮಾತು ಹೊರಡಸು.

ನನ್ನ ಮೊದಲನೇ ಪಾಠ ಮುಗಿದ ಮ್ಯಾಲ ಮೇಡಂ ಅಂದ್ರು, "ಶಾಂತಾ, ಪ್ರಶ್ನೆ ನೀವೇ ಕೇಳಿದ್ರಿ, ಉತ್ತರಾನೂ ನೀವೇ ಹೇಳಿದ್ರಿ, ಕೊನೆಗೆ ವೆರಿ ಗುಡ್ ಅಂತಾನೂ ನೀವೇ ಅಂದ್ಕೊಂಡ್ರಿ. ಪಾಪ, ಅವರು ಯಾಕೆ ಬಂದಿದ್ರು?" ಎಲ್ಲಾರೂ ನಕ್ಕರು. ನಾನೂ ನಕ್ಕೆ.

ನನ್ನ ಜೋಡಿ ಒಂದ ಖೋಲಿ ಹಿಡದಾಕಿ ಇಂಡಿ ರೇಣುಕಾ, ನನಕಿಂತ ಸಣ್ಣಾಕಿ. ಅಕಿಗೆ ಅಂಜಿಕಿ ಅನ್ನೂದ ಗೊತ್ತಿಲ್ಲ. ಅಕಿ ತಂದ ಲಿಂಬಿಕಾಯಿ ಉಪ್ಪಿನಕಾಯಿ ಇರದಿದ್ರ ಆ ಮಳಿಗಾಲದಾಗ ನನ್ನ ಗಂಟಲಾಗ ತುತ್ತು ಇಳೀತಿರಲಿಲ್ಲ. "ಅಕ್ಕಾ, ನೀ ಇಷ್ಟ ಅಂಜಿದ್ರ ನಿನ್ನ ನೋಡಿ ನನಗೂ ಅಂಜಿಕಿ ಬರ್ತೈತಿ. ಸುಮ್ನ ಉಣ್ಣು," ಅಂತಿದ್ಲು.

ನಾವು ಪಾಠ ಮಾಡಿ ಕಲಿಯಾಕ ಖರೇಖರೇ ಮಂದಿ ಬೇಕಲ್ಲ, ಅದಕ್ಕ ಸಂಜೀಕ ಊರಿನವರ ಒಂದು ಬ್ಯಾಚ್ ಬರ್ತಿತ್ತು. ಬೆಂಚಿನ ತುಂಬ ಮಂದಿ, ಎಲ್ಲಾರೂ ಕೆಲಸ ಮುಗಿಸಿ ದಣದು ಬಂದವರು. ಅವರಾಗ ಇಬ್ಬರನ್ನ ಹೇಳಬೇಕು. ಒಬ್ಬವ ಪರಸಪ್ಪ, ಆಟೋ ಹೊಡಿಯಾಂವ. ಅಂವ ಏನ ಅಂದ್ರೂ ಕಡೀಕ ಒಂದು "ರಿ" ಹಚ್ಚತಿದ್ದ. "ಯೆಸ್ ರಿ, ನೋ ರಿ, ಮೈ ನೇಮ್ ಈಸ್ ಪರಸಪ್ಪ ರಿ." ವಿಮಲಾ ಮೇಡಂ ಭಾಳ ಸರ್ತಿ ಹೇಳಿದ್ರು, ಇಂಗ್ಲಿಷಿನಲ್ಲಿ ರಿ ಇಲ್ಲ ಅಂತ. ಪರಸಪ್ಪ ಕೈ ಮುಗದು, "ರಿ ತಗದ್ರ ನಿಮಗ ಬೈದಂಗ ಆಗ್ತೈತ್ರಿ ಮೇಡಂ. ನನ್ನ ಕಡಿಂದ ಆಗೂದಿಲ್ರಿ," ಅಂದ. ಹಂಗಾದ್ರ ರಿ ಬದಲು ಮೇಡಂ ಅನ್ನಿ ಅಂದ್ರು. ಮರುದಿವಸ ಅಂವ ಬಂದು, "ಯೆಸ್ ಮೇಡಂ ರಿ," ಅಂದ. ಮೇಡಂ ಬಾಯಿಗೆ ಸೆರಗು ಹಿಡಕೊಂಡು ಹೊರಗ ಹೋದ್ರು.

ಇನ್ನೊಬ್ಬಾಕಿ ಗಂಗವ್ವ. ಒಂದು ಖಾಸಗಿ ದವಾಖಾನ್ಯಾಗ ಆಯಾ. ಐವತ್ತರ ಆಜೂಬಾಜೂ ಇರಬೇಕು. ಕುಂಕುಮ ಕಾಸಿನಗಲ, ಮೊಳಕೈ ತನಕ ಹಸರು ಬಳಿ, ಎಣ್ಣಿ ಹಚ್ಚಿ ಬಿಗಿದ ತುರುಬು. ಡ್ಯೂಟಿ ಮುಗಿಸಿ ಫಿನೈಲ್ ವಾಸನಿ ಹೊತಗೊಂಡ ಬಂದು ಮುಂದಿನ ಬೆಂಚಿನ್ಯಾಗ ಕುಂಡ್ರತಿದ್ಲು. ಮಳಿ ಇರಲಿ, ಕರೆಂಟ್ ಹೋಗಲಿ, ಅಕಿ ತಪ್ಪಿಸಿದ್ದಿಲ್ಲ. ಮಾತು ಕಡಿಮಿ, ಆದ್ರ ಆಡಿದ್ರ ಗಟ್ಟಿ.

ಪರೀಕ್ಷಾಕ್ಕ ಎರಡು ವಾರ ಇರೂ ಮುಂದ ಮೇಡಂ ಚೀಟಿ ಎತ್ತಿಸಿದ್ರು. ಯಾರ್ಯಾರು ಯಾವ ಪಾಠ ಮಾಡಬೇಕು ಅಂತ. ರೇಣುಕಾಗ ಅಂಗಡ್ಯಾಗ ಮಾತಾಡೂದು ಬಂತು. ನನ್ನ ಚೀಟ್ಯಾಗ ಹೊರಡುವಾಗ ಹೇಳೂ ಮಾತು ಅಂತ ಇತ್ತು. ವಾಕ್ಯ ಸೈತ ಕೊಟ್ಟಿದ್ರು: ಐ ಆ್ಯಮ್ ಗೋಯಿಂಗ್. ಆ ಪಾಠದಾಗ ಒಬ್ಬರನ್ನೂ ಬಿಡದಂಗ ಎಲ್ಲಾರ ಬಾಯಾಗಿಂದ ಆ ವಾಕ್ಯ ಬರಬೇಕು, ಅದ ಪಾಸಿನ ನೇಮ. ನಾ ಚೀಟಿ ಹಣಿಗೆ ಒತ್ತಿಕೊಂಡೆ. ಮೂರ ಶಬ್ದ. ಮೊದಲ ಸರ್ತಿ ಆ ರಾತ್ರಿ ಹೊಟ್ಟಿ ತುಂಬ ಉಂಡೆ.

ಮರುದಿವಸ ಸಂಜೀಕ ರೂಢಿ ಪಾಠ. ಕೈಯಾಗ ಚೀಲ ಹಿಡಕೊಂಡೆ, ಬಾಗಲ ತನಕ ಹೋದೆ, ತಿರುಗಿ ಕೈ ಬೀಸಿ "ಐ ಆ್ಯಮ್ ಗೋಯಿಂಗ್" ಅಂದೆ. ಎಲ್ಲಾರಿಗೂ ತಿಳೀತು. ಒಬ್ಬೊಬ್ಬರ ಎದ್ದು ಚೀಲ ಹಿಡದು ಬಾಗಲಿಗೆ ಹೋಗಿ ಅಂದು ಬಂದ್ರು. ಪರಸಪ್ಪ "ಐ ಆ್ಯಮ್ ಗೋಯಿಂಗ್ ರಿ" ಅಂದ. ನನ್ನ ಎದಿಯಾಗ ತಂಪಾತು. ಕಡೀಕ ಗಂಗವ್ವ ಎದ್ದಳು. ಚೀಲ ಹಿಡಕೊಂಡಳು, ಬಾಗಲಕ್ಕ ಹೋದಳು, ತಿರುಗಿ ನನ್ನ ನೋಡಿ ಅಂದಳು, "ಐ ಆ್ಯಮ್ ಕಮಿಂಗ್."

ನಾ ತಲಿ ಅಲ್ಲಾಡಿಸಿ "ಗೋಯಿಂಗ್" ಅಂದೆ.

"ಕಮಿಂಗ್," ಅಂದಳು.

ಅಕಿಗೆ ತಿಳಿದಿಲ್ಲ ಅಂತ ತಿಳದು ನಾ ಮತ್ತ ಆಡಿ ತೋರಿಸಿದೆ. ಮತ್ತ ಅದ. ಕಡೀಕ ತಾಳ್ಮಿ ಕೆಟ್ಟು ಕನ್ನಡದಾಗ ಅಂದೆ, "ಗಂಗವ್ವ, ನೀವು ಹೊಂಟೀರಿ, ಬರಾಕತ್ತಿಲ್ಲ. ಹೊಂಟ್ರ ಗೋಯಿಂಗ್, ಬಂದ್ರ ಕಮಿಂಗ್."

"ಅದು ತಿಳದೈತ್ರಿ ಟೀಚರ್," ಅಂದಳು ಅಕಿ. "ಆದ್ರ ಹೊಂಡುವಾಗ ಹೋಗ್ತೇನಿ ಅನಬಾರದ್ರಿ. ಬರ್ತೇನಿ ಅನಬೇಕ್ರಿ. ನಿಮ್ಮನ್ಯಾಗ ಹೇಳಿಕೊಟ್ಟಿಲ್ಲೇನ್ರಿ?"

ಎಲ್ಲಾರೂ ಗಂಗವ್ವನ ಕಡೆ ತಿರುಗಿದ್ರು. ಆಮ್ಯಾಲ ಹಿಂದಿನ ಬೆಂಚಿನಿಂದ ಒಬ್ಬಾಕಿ, "ಖರೇ ನೋಡ್ರಿ, ನಾ ಅಂದುಬಿಟ್ಟೆನಲ್ಲ, ಬಿಡ್ತು," ಅಂದಳು. ಅಕಿ ಅಂದದ್ದಾ ತಡ, ಎಲ್ಲಾರಿಗೂ ನೆನಪಾತು. ಬಿಡ್ತು, ಬಿಡ್ತು ಅಂತ ಸಾಲಾಗಿ ಅನ್ನಾಕತ್ತಿದ್ರು. ಪರಸಪ್ಪ ಎದ್ದು ನಿಂತು, "ನಾ ಇನ್ನ ರಾತ್ರಿ ಆಟೋ ಹೊಡೀಬೇಕ್ರಿ ಟೀಚರ್, ನಂದು ಹೊಳ್ಳಿ ತಗೋರಿ," ಅಂದ. ನಾ ಕಲಿಸಿದ್ದು ಎಲ್ಲಾ ಒಂದ ಗಳಿಗ್ಯಾಗ ವಾಪಸ್ ಬಂತು.

ವಿಮಲಾ ಮೇಡಂ ಆಮ್ಯಾಲ ನನ್ನ ಕರದು ಕುಂಡ್ರಿಸಿ ಹೇಳಿದ್ರು, "ನಂಗೂ ಗೊತ್ತು ಶಾಂತಾ. ನಮ್ಮನೇಲೂ ಹೋಗ್ತೀನಿ ಅಂದ್ರೆ ಬೈತಾರೆ. ಆದ್ರೆ ಪರೀಕ್ಷೆಗೆ ಬರೋರು ಉತ್ತರ ಭಾರತದವರು. ಅವರಿಗೆ ಕನ್ನಡ ಬರೋದಿಲ್ಲ. ಹೊರಡುವಾಗ ಕಮಿಂಗ್ ಅಂದ್ರೆ ಅವರ ಕಿವಿಗೆ ಅದು ತಪ್ಪು. ಒಬ್ಬರು ತಪ್ಪು ಹೇಳಿದ್ರೂ ನಿಮ್ಮ ಪಾಠ ಪಾಸ್ ಆಗೋದಿಲ್ಲ. ನಾನು ಏನೂ ಮಾಡೋಕಾಗೋಲ್ಲ."

ಉಳಿದವರನ್ನ ಹೆಂಗೋ ಒಪ್ಪಿಸಿದೆ. ಇದು ಬರೇ ಆಟ, ಖರೇ ಹೊಂಡೂದಲ್ಲ ಅಂತ ಹೇಳಿ ಹೇಳಿ ಸಾಕಾತು. ಪರಸಪ್ಪ ಸೈತ ಕುಂತಲ್ಲೇ ಅಂತೇನಿ, ಬಾಗಲಕ್ಕ ಹೋಗಿ ಅನ್ನೂದಿಲ್ಲ ಅಂತ ಕರಾರು ಮಾಡಿ ಒಪ್ಪಿದ. ಗಂಗವ್ವ ಒಬ್ಬಾಕಿನ್ನ ಅಲ್ಲಾಡಿಸಾಕ ಆಗಲಿಲ್ಲ. ದಿನಾ ಸಂಜೀಕ ಅಕಿ ಬಾಗಲಕ್ಕ ಹೋಗಿ ಕಮಿಂಗ್ ಅನ್ನೂದು, ನಾ ಮತ್ತ ಗೋಯಿಂಗ್ ಅನ್ನೂದು. ಬಸ್ಸಿನ್ಯಾಗ ಕಂಡಕ್ಟರ್ "ಹೋಗ್ರಿ ಮುಂದ, ಹೋಗ್ರಿ" ಅಂದ್ರ ಸಾಕು, ನಾ ಬೆಚ್ಚಿ ಬೀಳತಿದ್ದೆ. ಅತ್ತಿ ಈಗ ಏನೂ ಕೇಳತಿರಲಿಲ್ಲ, ನಾ ಊರಿಗೆ ಬಂದಾಗ ಒಂದು ರೊಟ್ಟಿ ಹೆಚ್ಚಿಗಿ ಹಾಕ್ತಿದ್ರು. ಅದಕ್ಕೂ ಅಂಜಿಕಿ ಬರ್ತಿತ್ತು ನನಗ.

"ಅಕ್ಕಾ, ಅವತ್ತೊಂದು ದಿವಸ ಗಂಗವ್ವಗ ಬರಬ್ಯಾಡ ಅನ್ನು," ಅಂದಳು ರೇಣುಕಾ. "ಬರಲೇ ಇಲ್ಲ ಅಂದ್ರ ಅಕಿ ಲೆಕ್ಕಕ್ಕ ಇಲ್ಲ."

"ಹಂಗ ಹೆಂಗ ಅನ್ನೂದು?"

"ಬಾಯಿಂದ ಅನ್ನೂದು. ಕನ್ನಡದಾಗ ಅನ್ನು, ಮೇಡಂ ಏನೂ ಅನ್ನೂದಿಲ್ಲ."

ಬರಬ್ಯಾಡ ಅನ್ನಾಕ ಮನಸ್ಸಾಗಲಿಲ್ಲ, ಒಂದ ಸರ್ತಿ ಗೋಯಿಂಗ್ ಅಂದುಬಿಡವ್ವ ಅಂತ ಕೈ ಮುಗದು ಬರೂಣು ಅಂತ ದವಾಖಾನಿಗೆ ಹೋದೆ. ಗಂಗವ್ವ ವಾರ್ಡಿನ್ಯಾಗ ಹಾಸಿಗಿ ಚಾದರ ಬದಲಿ ಮಾಡಾಕತ್ತಿದ್ಲು. ನನ್ನ ನೋಡಿ ಸ್ಟೂಲ್ ಎಳದು ಒರಿಸಿ ಕುಂಡ್ರಿಸಿದ್ಲು. ನಾ ಬಾಯಿ ತೆಗಿಯೂ ಮೊದಲ ಅಕಿನ ಸುರು ಮಾಡಿದ್ಲು.

"ನಾ ಯಾಕ ಇಂಗ್ಲಿಷ್ ಕಲಿಯಾಕ ಬಂದೆ ಗೊತ್ತೇನ್ರಿ ಟೀಚರ್? ಇಲ್ಲಿ ಹೊಸಾ ಡಾಕ್ಟರಮ್ಮ ಬಂದಾರ, ಬಂಗಾಲದಾಕಿ. ಒಂದಿವಸ ನನ್ನ ಡ್ಯೂಟಿ ಮುಗೀತು. ಅಕಿ ಒಬ್ಬರಿಗೆ ಗಾಯ ಕಟ್ಟಾಕತ್ತಿದ್ಲು. ನಾ ಚೀಲ ತಗೊಂಡು, ಐ ಆ್ಯಮ್ ಕಮಿಂಗ್ ಮೇಡಂ ಅಂತ ಹೇಳಿ ಮನಿಗೆ ಬಂದೆ. ಪಾಪ, ಬರ್ತಾಳ ಬರ್ತಾಳ ಅಂತ ಅಕಿ ಅರಿವಿ ಹಿಡಕೊಂಡು ನಿಂತಿದ್ಲಂತ, ನಾ ಅಲ್ಲೆ ಮನ್ಯಾಗ ರೊಟ್ಟಿ ಬಡ್ಯಾಕತ್ತೇನಿ. ಮರುದಿವಸ ಬೈಸಿಕೊಂಡೆ ನೋಡ್ರಿ, ಏನು ಬೈದಳು ಅಂತ ತಿಳೀಲಿಲ್ಲ, ಬೈದದ್ದು ಮಾತ್ರ ತಿಳೀತು." ಹೇಳಿ ತಾನ ನಕ್ಕಳು.

"ಅದಕ್ಕರೆ ಗೋಯಿಂಗ್ ಅನಬಾರದೇನ್ರಿ ಗಂಗವ್ವ? ನಿಮಗೂ ಚಲೋ, ನನಗೂ ಚಲೋ. ಒಂದ ಸರ್ತಿ. ನನ್ನ ನೌಕರಿ ಅದರ ಮ್ಯಾಲ ನಿಂತೈತ್ರಿ."

ಅಕಿ ಚಾದರದ ಸುಕ್ಕು ತೀಡಿದಳು. ಭಾಳ ಹೊತ್ತು ತೀಡಿದಳು. "ಬ್ಯಾರೆ ಏನ ಬೇಕಾದ್ರೂ ಅನಸ್ರಿ ಟೀಚರ್, ಅಂತೇನಿ. ಅದೊಂದು ಬ್ಯಾಡ್ರಿ," ಅಂದಳು. ಆಮ್ಯಾಲ, "ನಿಮ್ಮ ಪರೀಕ್ಷಾದ ದಿವಸ ನನಗ ಸಂಜಿ ಡ್ಯೂಟಿ ಇತ್ತು. ಬ್ಯಾರೆಯಾಕಿಗೆ ಒಪ್ಪಿಸೇನಿ. ನಾ ಬರದ ನಿಮ್ಮ ಪರೀಕ್ಷಾ ಹೆಂಗ ಆಗ್ತೈತಿ?"

ಅಕಿ ತರಿಸಿದ ಚಹಾ ಕುಡದು ಬಂದೆ. ರೇಣುಕಾ "ಏನಂದ್ಲು?" ಅಂತ ಕೇಳಿದ್ಲು. "ಬಂದ ಬರ್ತಾಳಂತ," ಅಂದೆ.

ಪರೀಕ್ಷಾದ ದಿವಸ ಮುಂಜಾನಿಂದ ಧೋ ಅಂತ ಮಳಿ. ಯಾರೂ ಬರದಿದ್ರ ಹೆಂಗ ಅಂತ ಒಂದು ಚಿಂತಿ, ಎಲ್ಲಾರೂ ಬಂದ್ರ ಹೆಂಗ ಅಂತ ಇನ್ನೊಂದು. ಸಂಜಿ ಆಗೂದಕ್ಕ ಮಳಿ ನಿಂತು ಎಲ್ಲಾರೂ ಬಂದ್ರು. ಪರೀಕ್ಷಕರು ವಯಸ್ಸಾದಾಕಿ, ಬೆಳ್ಳನ್ನ ಕೂದಲ ಕುತಗಿ ತನಕ ಕತ್ತರಿಸಿಕೊಂಡಿದ್ರು. ವಿಮಲಾ ಮೇಡಂ ಬಾಜೂಕ ಹಿಂದಿನ ಬೆಂಚಿನ್ಯಾಗ ಕುಂತ್ರು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

ಸುರು ಮಾಡಿದೆ. ಚೀಲ, ಬಾಗಲ, ಕೈ ಬೀಸೂದು. ಒಬ್ಬೊಬ್ಬರ ಅಂದ್ರು. ಪರಸಪ್ಪ ಕರಾರಿನ ಪ್ರಕಾರ ಕುಂತಲ್ಲೇ, ಕಣ್ಣು ಮುಚ್ಚಿ, ಔಷಧ ನುಂಗಿದಂಗ ಅಂದ. ಮಾತು ಬರ್ತಿತ್ತು, ಆದ್ರ ಅದರಾಗ ಜೀವ ಇರಲಿಲ್ಲ. ಹಿಂದಿನ ಬೆಂಚಿನಾಕಿ ಅಂದು ಮುಗಿಸಿ ಬಾಯಾಗ ಬಿಡ್ತು ಅನ್ನೂದು ಕೇಳಿಸಿತು. ಪರೀಕ್ಷಕರು ಏನೋ ಬರಕೊಂಡ್ರು.

ಗಂಗವ್ವನ ಪಾಳಿ ಬಂತು. ಎದ್ದು ಚೀಲ ತಗೊಂಡು ಬಾಗಲಕ್ಕ ಹೋಗಿ ನಿಂತಳು. ನನ್ನ ನೋಡಿದಳು. ಕಮಿಂಗ್ ಅಂದ್ರ ನಾ ಫೇಲ್ ಅಂತ ಅಕಿಗೆ ಗೊತ್ತಿತ್ತು, ಗೋಯಿಂಗ್ ಅನ್ನೂದು ಅಕಿ ಕಡಿಂದ ಆಗೂದಿಲ್ಲಂತ ನನಗ ಗೊತ್ತಿತ್ತು. ಅಕಿ ಚೀಲ ಎದಿಗೆ ಅವಚಿಕೊಂಡು, ಮುಖ ಬಿಗಿದು, ಬಾಯಿ ತಗದಳು. ನನ್ನ ಸಲುವಾಗಿ ಅಕಿ ಅದನ್ನ ಅನ್ನಾಕ ಹೊಂಟಾಳ ಅಂತ ನನಗ ಅನಸಿತು. ಆಗ ನನ್ನ ಕಡಿಂದ ನೋಡಾಕ ಆಗಲಿಲ್ಲ.

"ಗಂಗವ್ವ," ಅಂದೆ, ಕನ್ನಡದಾಗ. "ಡ್ಯೂಟಿ ಮುಗಿಸಿ ಹೊಂಟೀರಿ. ಡಾಕ್ಟರಮ್ಮ ನಿಮ್ಮ ಹಾದಿ ಕಾಯಬಾರದು. ನಾಳಿ ಎಷ್ಟಕ್ಕ ಬರ್ತೀರಿ, ಅದನ್ನ ಹೇಳ್ರಿ."

ಅಕಿ ಮುಖದ ಬಿಗಿ ಸಡ್ಲಾತು. "ಟುಮಾರೊ ಐ ಆ್ಯಮ್ ಕಮಿಂಗ್," ಅಂದಳು. "ಏಟ್ ಓ ಕ್ಲಾಕ್."

ಅದನ್ನ ಕೇಳಿದ್ದಾ ಕ್ಲಾಸಿಗೆ ಕ್ಲಾಸ ಎದ್ದು ನಿಂತಿತು. ಎಲ್ಲಾರಿಗೂ ಅದ ಬೇಕು. ಹಿಂದಿನಾಕಿ ಚೀಲ ಕಸಗೊಂಡು ಬಾಗಲಕ್ಕ ಹೋಗಿ, "ಟುಮಾರೊ ಐ ಆ್ಯಮ್ ಕಮಿಂಗ್, ನೈನ್ ಓ ಕ್ಲಾಕ್" ಅಂದಳು. ಪರಸಪ್ಪ ಈಗ ತಾನಾಗೇ ಎದ್ದು ಬಾಗಲಿಗೆ ಹೋದ. "ಟುಮಾರೊ ಐ ಆ್ಯಮ್ ಕಮಿಂಗ್ ರಿ. ಬಟ್ ಲೇಟ್ ರಿ. ಆಟೋ ರಿಪೇರಿ ರಿ." ನಾ ಬಾಯಿ ಮುಚ್ಚಿ ಗೋಡಿಗೆ ಆನಿಕೊಂಡು ನಿಂತೆ. ಪಾಠ ಕೈ ಬಿಟ್ಟು ಹೋಗಿತ್ತು, ನೌಕರಿನೂ ಹೋತು ಅಂತ ತಿಳಕೊಂಡೆ.

ಗದ್ದಲ ಇಳಿದ ಮ್ಯಾಲ ಪರೀಕ್ಷಕರು ಎದ್ದು ನಿಂತು ನನ್ನ ಕೇಳಿದ್ರು, ವಾಕ್ಯ ಯಾಕ ಬದಲಿ ಮಾಡಿದ್ರಿ ಅಂತ. ಇಂಗ್ಲಿಷಿನ್ಯಾಗ ಕೇಳಿದ್ರು, ಇಂಗ್ಲಿಷಿನ್ಯಾಗ ಹೇಳಬೇಕು. ಬ್ಯಾಂಕಿನ ಚುರಮುರಿ ಬಾಯಾಗ ತುಂಬಿತು. ಆದ್ರ ಇಲ್ಲೆ ಎದ್ದು ಬಂದು ಹೇಳಾಕ ಕ್ಯಾಶಿಯರ್ ಇರಲಿಲ್ಲ.

"ಮೇಡಂ," ಅಂದೆ, "ಹಿಯರ್ ಗೋಯಿಂಗ್ ಪರ್ಸನ್ ನಾಟ್ ಸೇ ಗೋಯಿಂಗ್. ಗೋಯಿಂಗ್ ಮೀನ್ಸ್ ನಾಟ್ ಕಮಿಂಗ್ ಬ್ಯಾಕ್. ಡೆಡ್ ಪರ್ಸನ್ ಆಲ್ಸೊ ಗೋಯಿಂಗ್. ಸೊ ಎವ್ರಿಬಡಿ ಸೇ ಕಮಿಂಗ್. ಮೈ ಮದರ್ ಆಲ್ಸೊ. ಐ ಆಲ್ಸೊ." ಆ ನಾಕು ಸಾಲಿನ್ಯಾಗ ಎಷ್ಟು ತಪ್ಪು ಅದಾವು ಅಂತ ಈಗ ನನಗ ಗೊತ್ತೈತಿ. ಆವಾಗ ಗೊತ್ತಾಗಲಿಲ್ಲ. ಹೇಳಬೇಕಾದದ್ದು ಇತ್ತು, ಹೇಳಿದೆ.

ಅವರು ತಲಿದೂಗಿದ್ರು. ಕ್ಲಾಸಿನ ಕಡೆ ತಿರುಗಿ ಬಿಡಿಸಿ ಬಿಡಿಸಿ ಕೇಳಿದ್ರು, ಹಂಗಾದ್ರ ನಿಮ್ಮ ಪೈಕಿ ಯಾರಿಗೂ, ಯಾವತ್ತೂ, ಯಾರೂ ಆ ಮಾತು ಅಂದಿಲ್ಲೇನು ಅಂತ. ಪರಸಪ್ಪ "ನೋ ರಿ" ಅಂದ. ಎಲ್ಲಾರೂ ನಕ್ಕರು.

"ಮೈ ಹಸ್ಬೆಂಡ್," ಅಂದಳು ಗಂಗವ್ವ.

ಅಕಿ ಇನ್ನೂ ಬಾಗಲದಾಗ ನಿಂತಿದ್ದಳು. ಎಲ್ಲಾರೂ ತಿರುಗಿ ನೋಡಿದ್ರು. ಒಂದೊಂದು ಶಬ್ದ ಹುಡುಕಿ ಹುಡುಕಿ ಹೇಳಿದಳು. "ಮೈ ಹಸ್ಬೆಂಡ್ ಸೇ, ಐ ಆ್ಯಮ್ ಗೋಯಿಂಗ್. ಮಾರ್ನಿಂಗ್ ಸೇ. ಗೋವಾ. ವರ್ಕ್." ಅಷ್ಟಕ್ಕ ನಿಲ್ಲಿಸಿ ಕೈಯಾಗಿನ ಬಳಿ ಸರಿ ಮಾಡಿಕೊಂಡಳು. "ಮೈ ಡಾಟರ್ ಸ್ಮಾಲ್. ನೌ ಡಾಟರ್ ಮ್ಯಾರೇಜ್ ಓವರ್. ಹಿ ನಾಟ್ ಕಮಿಂಗ್."

ಅಳಲಿಲ್ಲ ಅಕಿ. ದವಾಖಾನ್ಯಾಗ ಯಾವ ಬೆಡ್ಡಿನವರು ಏನ ಉಂಡ್ರು ಅಂತ ಹೇಳೂ ಹಂಗ ಹೇಳಿದಳು. ಇಷ್ಟು ದಿವಸ ಮುಂದಿನ ಬೆಂಚಿನ್ಯಾಗ ಕುಂತಾಕಿ, ಗಂಡ ಮನ್ಯಾಗ ಅದಾನಂತ ನಾವೆಲ್ಲಾ ತಿಳಕೊಂಡಿದ್ವಿ. ಸತ್ತಾನೋ ಬದುಕ್ಯಾನೋ ಅಕಿಗೇ ಗೊತ್ತಿಲ್ಲ. ನಾ ಅಂಥಾಕಿಗೆ ದಿನಾ ಸಂಜೀಕ ಆ ಮಾತು ಅನ್ನು ಅನ್ನು ಅಂತ ಬೆನ್ನು ಹತ್ತಿದ್ದೆ. ಪರಸಪ್ಪ ಎದ್ದು ಹೋಗಿ ಅಕಿ ಕೈಯಾಗಿನ ಚೀಲ ಇಸಗೊಂಡ. ಪಾಠದ ಹೊತ್ತು ಮುಗೀತು ಅಂತ ವಿಮಲಾ ಮೇಡಂ ಸಣ್ಣ ದನಿಯಾಗ ಹೇಳಿದ್ರು.

ಎಲ್ಲಾರ ಪಾಠ ಮುಗಿದ ಮ್ಯಾಲ ಒಬ್ಬೊಬ್ಬರನ್ನ ಒಳಗ ಕರದ್ರು. ನನ್ನ ಪಾಳಿ ಬಂದಾಗ ಪರೀಕ್ಷಕರು ಕಾಗದದ ಮ್ಯಾಲಿಂದ ಕಣ್ಣು ಎತ್ತಲಿಲ್ಲ. ಅವರು ಇಂಗ್ಲಿಷಿನ್ಯಾಗ ಅಂದದ್ದು ಇಷ್ಟು: ಎಲ್ಲಾರೂ ಆ ವಾಕ್ಯ ಹೇಳಬೇಕಿತ್ತು, ಎಲ್ಲಾರೂ ಹೇಳಿದ್ರು. ನಾ ವಿಮಲಾ ಮೇಡಂ ಮುಖ ನೋಡಿದೆ. ಅವರ ಕಣ್ಣು ಕೆಂಪಗಾಗಿದ್ವು. "ಸಿಂದಗಿ ಕ್ಲಾಸ್ ನಿಮ್ಮದು ಶಾಂತಾ," ಅಂದ್ರು.

ಖುಷಿ ಆಗಬೇಕಿತ್ತು, ಆಗಲಿಲ್ಲ. ಗಂಗವ್ವ ಗಂಡನ ಮಾತು ಹೇಳಾಕ ಹೋಗಿ ಆ ವಾಕ್ಯ ಅಂದಿದ್ದಳು, ಅದನ್ನ ಹಿಡಕೊಂಡು ನಾ ಪಾಸಾಗಿದ್ದೆ.

ಹೊರಗ ಬಂದೆ. ಮೆಟ್ಟಲ ಮ್ಯಾಲ ಗಂಗವ್ವ ಒಬ್ಬಾಕಿನ ಕುಂತಿದ್ದಳು.

"ಏನಾತ್ರಿ ಟೀಚರ್?"

"ಪಾಸಾತ್ರಿ."

"ನಾ ನಡುವ ಬಾಯಿ ಹಾಕಿದ್ದಕ್ಕ ಏನೂ ತೊಂದ್ರಿ ಆಗಲಿಲ್ಲಲ್ಲ?"

"ಇಲ್ರಿ," ಅಂದೆ.

ಅಕಿ ಎದ್ದು ಸೀರಿ ಝಾಡಿಸಿ ಚೀಲ ಹೆಗಲಿಗೆ ಹಾಕಿಕೊಂಡಳು. ಕೆಳಗಿನ ಮೆಟ್ಟಲದಾಗ ನಿಂತು ತಿರುಗಿದಳು. "ಟುಮಾರೊ ಐ ಆ್ಯಮ್ ಕಮಿಂಗ್, ಟೀಚರ್," ಅಂದಳು. "ಸಿಕ್ಸ್ ಓ ಕ್ಲಾಕ್."

ತರಬೇತಿ ಅವತ್ತಿಗೆ ಮುಗಿದಿತ್ತು. ನಾಳಿಂದ ಕ್ಲಾಸ್ ಇಲ್ಲ, ಇನ್ನ ದಸರಾ ಆದ ಮ್ಯಾಲ ಅಂತ ಎಲ್ಲಾರಿಗೂ ಹೇಳಿತ್ತು, ಅಕಿಗೂ ಹೇಳಿತ್ತು. ಅಕಿಗೆ ಮರತಿತ್ತೋ, ಹೊಂಡುವಾಗ ಬ್ಯಾರೆ ಏನ ಅನಬೇಕು ಅಂತ ತಿಳೀಲಿಲ್ಲೋ, ನನಗ ಇವತ್ತಿಗೂ ಗೊತ್ತಿಲ್ಲ. ಕ್ಲಾಸ್ ಇಲ್ರಿ ಅನ್ನೂ ಮಾತು ನನ್ನ ತುಟಿ ತನಕ ಬಂದಿತ್ತು. ಅಕಿ ಆಗಲೇ ಗೇಟ್ ದಾಟಿದ್ದಳು.

ಹೊಳ್ಳಿ ಮ್ಯಾಲ ಹೋಗಿ ವಿಮಲಾ ಮೇಡಂ ಕಡೆ ಹಾಲಿನ ಕೀಲಿಕೈ ಕೇಳಿದೆ. ಅವರು ಯಾಕ ಅಂತ ಕೇಳಲಿಲ್ಲ, ಕೊಟ್ರು. ಕೆಳಗ ಬಂದು ಮನಿಗೆ ಫೋನ್ ಹಚ್ಚಿದೆ.

"ಬಸ್ ಹತ್ತಿದ್ಯೇನು?" ಅಂದ್ರು ನಮ್ಮನಿಯವ್ರು.

"ಇಲ್ರಿ. ಇವತ್ತು ಬರೂದಿಲ್ಲ."

ಹಿಂದಿಂದ ಅತ್ತಿ ಏನಾತಂತ ಏನಾತಂತ ಅಂತ ಕೇಳೂದು ಕೇಳಿಸಿತು. "ಆಗಲಿಲ್ಲೇನು?" ಅಂದ್ರು ಅವರು, ದನಿ ಇಳಿಸಿ. "ಆಗದಿದ್ರ ಹೋಗಲಿ ಬಿಡು. ಮೊದಲ ಮನಿಗೆ ಬಾ."

"ಪಾಸಾಗೇನ್ರಿ," ಅಂದೆ. "ನಾಳಿ ಸಂಜೀಕ ಕ್ಲಾಸ್ ಐತಿ. ಗಂಗವ್ವ ಬರ್ತೇನಿ ಅಂದಾಳ."